ಹಳೇ ಸಾಮಾನು ಮತ್ತೆ ಬಳಸಿ ನಿಜವಾಗ್ಲೂ ದುಡ್ಡು ಉಳಿಯುತ್ತಾ? ಮುಂಬೈ, ಪುಣೆ, ಗೋವಾದವರು ಹೇಳಿ

ಡೊಂಬಿವಲಿ ಈಸ್ಟ್
ಎಲ್ರಿಗೂ ನಮಸ್ಕಾರ. ನಮ್ದು ಒನ್ ಬಿಎಚ್‌ಕೆ, ಮನೇಲಿ ನಾವಿಬ್ರು, ಮಗಳು, ಅತ್ತೆ. ಅತ್ತೆ ಹಾಸನದ ಕಡೆಯವ್ರು, ಖಾಲಿಯಾದ ಡಬ್ಬ, ಬಾಟ್ಲಿ, ರಟ್ಟು, ಹಾಲಿನ ಕವರ್ರು, ಸ್ವೀಟ್ ಬಾಕ್ಸಿನ ದಾರ ಏನನ್ನೂ ಬಿಸಾಕೋ ಹಾಗಿಲ್ಲ, "ಯಾವತ್ತಾದ್ರೂ ಬೇಕಾಗುತ್ತೆ ಇಡಮ್ಮ" ಅಂತಾರೆ. ನಮ್ಮನೆಯವ್ರು ಅದಕ್ಕೆ ಪೂರ್ತಿ ಉಲ್ಟಾ, ಭಾನುವಾರ ಬಂತು ಅಂದ್ರೆ ಎಲ್ಲಾ ಕಸಕ್ಕೆ ಹಾಕ್ಬಿಡೋಣ ಅಂತಾರೆ. ಬಾತ್‌ರೂಮ್ ಮೇಲಿನ ಅಟ್ಟ, ಇಲ್ಲಿನವ್ರು ಪೋಟ್‌ಮಾಳಾ ಅಂತಾರಲ್ಲ, ಅದು ತುಂಬಿ, ಈಗ ಮಂಚದ ಕೆಳಗೆ ಶುರುವಾಗಿದೆ. ನನಗೆ ಯಾರ ಪರ ಮಾತಾಡ್ಬೇಕು ಅಂತ್ಲೇ ಗೊತ್ತಾಗ್ತಿಲ್ಲ ಕಣ್ರೀ.

ಅದಕ್ಕೆ ಕೇಳ್ತಿದೀನಿ, ನೀವು ಯಾವ ವಸ್ತುನ ಮತ್ತೆ ಬಳಸ್ತೀರಿ, ಮತ್ತೆ ಅದರಿಂದ ಅಂಗಡೀಲಿ ಏನನ್ನ ಕೊಳ್ಳೋದು ನಿಲ್ಸಿದ್ರಿ, ಎರಡನ್ನೂ ಹೇಳಿ ಪ್ಲೀಸ್. ಈ ಯೂಟ್ಯೂಬಲ್ಲಿ ಬಾಟ್ಲಿಗೆ ಬಣ್ಣ ಬಳಿದು ಹೂದಾನಿ ಮಾಡೋದೆಲ್ಲ ಬೇಡ, ಬಣ್ಣ ಬ್ರಷ್ಷಿಗೇ ಮುನ್ನೂರು ರೂಪಾಯಿ ಆಗುತ್ತೆ, ಹೂದಾನಿ ಇಡೋಕೆ ಜಾಗ ಎಲ್ಲಿದೆ.

ಘಾಟ್ಕೋಪರ್ ಮಾರಾಯ
ಅಕ್ಕಾ, ನಿಮ್ಮ ಅತ್ತೆಯವರ ಪಾರ್ಟಿ ನಾನು, ಆದ್ರೆ ಅರ್ಧ ಮಾತ್ರ. ಹಾಲಿನ ತೊಟ್ಟೆ ಉಂಟಲ್ಲ, ಅದು ನಿಜಕ್ಕೂ ಉಪಯೋಗದ್ದು. ಒಂದು ಬದಿ ಕತ್ತರಿಸಿ ತೊಳೆದು ಗೋಡೆಗೆ ಅಂಟಿಸಿ ಒಣಗಿಸಿ ಇಟ್ಟರೆ ಹೋಳಿಗೆ ತಟ್ಲಿಕ್ಕೆ, ಅಕ್ಕಿ ರೊಟ್ಟಿ ತಟ್ಲಿಕ್ಕೆ, ಫ್ರೀಜರಲ್ಲಿ ತೆಂಗಿನ ತುರಿ ಕಟ್ಟಿ ಇಡ್ಲಿಕ್ಕೆ ಎಲ್ಲದಕ್ಕೂ ಆಗ್ತದೆ, ನಮ್ಮನೆಯಲ್ಲಿ ಝಿಪ್ ಕವರು ತರುವ ಪದ್ಧತಿಯೇ ಇಲ್ಲ. ಕತ್ತರಿಸುವಾಗ ಮೂಲೆಯ ಸಣ್ಣ ತುಂಡು ಪೂರ್ತಿ ಬೇರೆ ಮಾಡಬೇಡಿ, ಸೀಳಿ ಅಂಟಿಕೊಂಡೇ ಇರಲಿ, ಬಿಡಿ ತುಂಡನ್ನು ಯಾವ ಭಂಗಾರ್‌ವಾಲಾನೂ (ಗುಜರಿಯವನು) ಹೆಕ್ಕುವುದಿಲ್ಲ, ನೇರ ಗಟಾರಕ್ಕೆ ಹೋಗ್ತದೆ. 2018ರಲ್ಲಿ ಮಹಾರಾಷ್ಟ್ರದಲ್ಲಿ ಪ್ಲಾಸ್ಟಿಕ್ ಬಂದ್ ಆದಾಗಲೂ ಹಾಲಿನ ತೊಟ್ಟೆಗೆ ವಿನಾಯ್ತಿ ಇತ್ತು, ವಾಪಸ್ ಕೊಟ್ಟರೆ 50 ಪೈಸೆ ಅಂತ ಮಾತು ಸಹ ಬಂದಿತ್ತು, ನಮ್ಮ ಗಲ್ಲಿಯಲ್ಲಿ ಆ 50 ಪೈಸೆ ಕಂಡವರು ಯಾರೂ ಇಲ್ಲ ಮಾರಾಯ್ರೆ.

ಆದ್ರೆ ಇಪ್ಪತ್ತು ತೊಟ್ಟೆ ಸಾಕು. ಇನ್ನೂರು ಇಟ್ಟರೆ ಅದು ಜಿರಳೆ ಸಾಕಣೆ.

ಕೋಥರೂಡ್ ವೈನಿ
ನಾವು ಧಾರವಾಡದವ್ರು, ಪುಣೆಕ್ಕ ಬಂದು ಭಾಳ ವರ್ಷ ಆತು. ನನ್ನ ಉತ್ತರ ಒಂದ, ಕೌದಿ. ಹಳೇ ಕಾಟನ್ ಸೀರಿ, ಧೋತರ, ಮಕ್ಕಳ ಹಳೇ ಫ್ರಾಕು ಎಲ್ಲಾ ಸೇರಿಸಿ ಕೌದಿ ಹೊಲದ್ರ ಹಾಸಲಿಕ್ಕೂ ಆತು ಹೊದಿಲಿಕ್ಕೂ ಆತು. ಇಲ್ಲೆ ಮರಾಠಿಯವ್ರು ಗೋಧಡಿ ಅಂತಾರ, ನಮ್ಮ ಸೊಸೈಟಿ ಹತ್ರನ ಹೊಲದು ಕೊಡೋ ಮಾವಶಿ ಒಬ್ರು ಇದ್ದಾರ, ಬಟ್ಟಿ ನಮ್ದು, ಕೂಲಿ ಅಷ್ಟ ಅವರಿಗೆ. ನಾನು ಹೊದಿಕಿ, ಬೆಡ್‌ಶೀಟ್ ಕೆಳಗ ಹಾಸೋ ಪ್ಯಾಡು, ಕೂಸಿನ ದುಪ್ಪಟಿ ಇವು ಮೂರನ್ನೂ ಅಂಗಡ್ಯಾಗ ತಗೊಳೋದು ಬಿಟ್ಟೇನಿ.

ಹೊಲಿಯೋರಿಗೆ ಒಂದಿಷ್ಟು ಹೇಳ್ತೀನಿ. ಮ್ಯಾಲೆ ಕೆಳಗ ಗಟ್ಟಿ ಇರೋ ಸೀರಿ ಹಾಕ್ರಿ, ನಡುವ ಹರಕು ಮುರಕು ಎಲ್ಲಾ ತುಂಬ್ರಿ, ನಾಕೈದು ಪದರ ಸಾಕು, ಅದಕ್ಕಿಂತ ಹೆಚ್ಚಾದ್ರ ಪುಣೆ ಮಳ್ಯಾಗ ವಾರಗಟ್ಟಲೆ ಒಣಗೂದಿಲ್ಲ, ವಾಸನಿ ಹಿಡೀತದ. ಹೊಸ ಬಟ್ಟಿ ತುಂಡು ನಡುವ ಹಾಕಬ್ಯಾಡ್ರಿ, ಮೊದಲನೇ ಒಗತಕ್ಕ ಅದು ಕುಗ್ಗಿ ಇಡೀ ಕೌದಿ ಸೊಟ್ಟ ಆಗ್ತದ. ಅಂಚಿನಿಂದ ಶುರು ಮಾಡಿ ಸುತ್ತ ಹೊಲಕೋತ ಒಳಗ ನಡುವಿನ ತನಕ ಬರಬೇಕು, ನಡುವಿನಿಂದ ಶುರು ಮಾಡಿದ್ರ ಅಂಚಿನ್ಯಾಗ ಬಟ್ಟಿ ಗುಬ್ಬಿ ಏಳ್ತದ. ಮತ್ತ ಸಿಂಥೆಟಿಕ್ ಸೀರಿ ಮಾತ್ರ ಬ್ಯಾಡ, ಜಾರ್ತದ, ಬ್ಯಾಸಗ್ಯಾಗ ಬೆವರು ಹೀರೂದಿಲ್ಲ.

ಮಡಗಾಂವ್ ಕಿಟಕಿ
@ಕೋಥರೂಡ್ ವೈನಿ ನಮ್ಮ ಯಲ್ಲಾಪುರ, ಹಳಿಯಾಳ ಕಡೆ ಸಿದ್ದಿ ಜನಾಂಗದ ಹೆಂಗಸ್ರು ಹೊಲಿಯುವ ಕವಂದಿ, ಅಂದ್ರೆ ಅವರ ಕೌದಿ, ನೋಡಿದ್ದೀರಾ? ನಾಲ್ಕೂ ಮೂಲೆಗೆ ತ್ರಿಕೋನದ ಬಟ್ಟೆ ತುಂಡು ಮಡಚಿ ಹೂವಿನ ಹಾಗೆ ಕೂರಿಸ್ತಾರೆ, ಅದಿಲ್ಲದೆ ಕವಂದಿ ಮುಗಿದಂತೆ ಅಲ್ಲ. ಹಳೆ ಬಟ್ಟೆಯ ಆ ಕವಂದಿಯೇ ಈಗ ಫಾರಿನ್‌ನವರ ಮ್ಯೂಸಿಯಂಗೂ ಹೋಗ್ತಾ ಇದೆ. ನಮ್ಮ ಮನೆಯಲ್ಲಿ ಮಾತ್ರ ಬೆಕ್ಕು ಮಲಗ್ತದೆ ಅದರ ಮೇಲೆ.

ಡೊಂಬಿವಲಿ ಈಸ್ಟ್
ವೈನಿ, ಸಿಂಥೆಟಿಕ್ ಸೀರೆಗಳೇ ರಾಶಿ ಇರೋದು ನಮ್ಮನೇಲಿ, ಅದನ್ನೇನ್ ಮಾಡ್ಲಿ? ಹಳೇ ಬಟ್ಟೆಗೆ ಪಾತ್ರೆ ಕೊಡೋ ಭಾಂಡೇವಾಲಿ ಬರ್ತಾಳೆ ಬಿಲ್ಡಿಂಗ್ ಕೆಳಗೆ, ಆದ್ರೆ ನಂಗೆ ಅವ್ಳ ಹತ್ರ ವ್ಯಾಪಾರ ಮಾಡೋಕೆ ಬರಲ್ಲ, ಏಳೆಂಟು ಸೀರೆ ತಗೊಂಡು ಒಂದು ಚಿಕ್ಕ ಡಬ್ಬಿ ಕೊಟ್ಟು ಹೋಗ್ತಾಳೆ.

ಘಾಟ್ಕೋಪರ್ ಮಾರಾಯ
ಹೇಹೇ, ಅದು ಕಲೆ. ನನ್ನ ಹೆಂಡತಿಯನ್ನು ಕಳಿಸ್ತೇನೆ ಬೇಕಾದ್ರೆ. ಅವಳ ಲೆಕ್ಕ ಹೀಗೆ: ಮೊದಲು ಪಾತ್ರೆ ಆರಿಸಿ, ಆಮೇಲೆ ಬಟ್ಟೆ ಒಂದೊಂದೇ ಹೊರಗೆ ತೆಗೀಬೇಕು, ಗಂಟನ್ನು ಪೂರ್ತಿ ಬಿಚ್ಚಿ ತೋರಿಸಿದ್ರೆ ಮುಗೀತು. ಪ್ಯಾಂಟು ಜೀನ್ಸಿಗೆ ಬೆಲೆ ಜಾಸ್ತಿ, ಬಾರ್ಡರ್ ಇರುವ ಸೀರೆಗೆ ಪರವಾಗಿಲ್ಲ, ಹರಿದದ್ದಕ್ಕೆ ಸೊನ್ನೆ. ಯಾಕಂದ್ರೆ ಅವರು ಅದನ್ನು ಒಗೆದು, ಹೊಲಿಗೆ ಹಾಕಿ, ಇಸ್ತ್ರಿ ಮಾಡಿ ಮತ್ತೆ ಮಾರುವವರು, ಬೆಳಿಗ್ಗೆ ನಾಲ್ಕು ಗಂಟೆಗೆ ಬಜಾರಲ್ಲಿ ಕೂರುವ ಕಷ್ಟ ಅವರದ್ದು. ಅದು ಗೊತ್ತಿದ್ರೆ ತೀರಾ ಜಗ್ಗುವ ಮನಸ್ಸೂ ಬರುವುದಿಲ್ಲ.

ಮತ್ತೆ ರೇಷ್ಮೆ ಸೀರೆ ಉಂಟಾದ್ರೆ ಪಾತ್ರೆಗೆ ಕೊಡ್ಲೇಬೇಡಿ!! ಹಳೇ ಸೀರೆಯಲ್ಲಿ ಅಸಲಿ ಜರಿ ಇದ್ರೆ ಒಳಗೆ ಬೆಳ್ಳಿ ಇರ್ತದೆ, ಅದನ್ನು ತೂಕಕ್ಕೆ ಕೊಳ್ಳುವವರು ಬೇರೆ ಇದ್ದಾರೆ. ಈಗಿನ ಟೆಸ್ಟೆಡ್ ಜರಿ ತಾಮ್ರದ ನೂಲು, ಅದಕ್ಕೆ ಏನೂ ಸಿಗುವುದಿಲ್ಲ. ಎರಡು ಕಡೆ ತೋರಿಸಿ ಮತ್ತೆ ಕೊಡಿ.

ಹಿಂಜವಡಿ ಬ್ಯಾಚುಲರ್
ಗುರು ನಾನೂ ಸೇರ್ಕೋತೀನಿ. ತುಮಕೂರು ಹುಡುಗ, ಹಿಂಜವಡೀಲಿ ಮೂರು ಜನ ಫ್ಲ್ಯಾಟ್ ಶೇರಿಂಗ್. ನಮ್ ಮನೇಲಿ ಒಂದೇ ಒಂದು ಡಬ್ಬ ದುಡ್ಡು ಕೊಟ್ಟು ತಂದಿಲ್ಲ, ಆನ್‌ಲೈನ್ ಆರ್ಡರಿನ ಕಪ್ಪು ಡಬ್ಬಗಳೇ ನಮ್ ಕ್ರೋಕರಿ. ಸಾಂಬಾರು ಬಿಸಿ ಮಾಡೋದೂ ಅದ್ರಲ್ಲೇ, ಮೈಕ್ರೋವೇವಿಗೂ ಅದೇ. ತಂಪು ಪಾನೀಯದ ಎರಡು ಲೀಟರ್ ಬಾಟ್ಲಿ ಫ್ರಿಜ್ಜಲ್ಲಿ ನೀರಿಗೆ. ಎಸಿ ಇಂದ ತೊಟ್ಟಿಕ್ಕೋ ನೀರು ಬಕೆಟ್ಟಲ್ಲಿ ಹಿಡಿದು ಇನ್ವರ್ಟರ್ ಬ್ಯಾಟರಿಗೆ ಹಾಕೋ ಪ್ಲಾನ್ ಇದೆ, ಅದು ಡಿಸ್ಟಿಲ್ಡ್ ವಾಟರ್ ಅಲ್ವಾ, ಆವಿ ತಣ್ಣಗಾಗಿ ಬಂದಿದ್ದು? ಸಾವಿರಾರು ಉಳಿಸ್ತಿದೀವಿ ಬಾಸ್ 😎

ಮುಲುಂಡ್ ತಾತ
ತಮ್ಮಾ, ನಿಲ್ಲಿಸು ನಿಲ್ಲಿಸು. ನಾನು ಕೆಮಿಕಲ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿ ರಿಟೈರ್ ಆದವನು, ಸ್ವಲ್ಪ ಉದ್ದ ಬರೀತೀನಿ, ಬೇಜಾರು ಮಾಡ್ಕೋಬೇಡ.

ಮೊದಲು ಬ್ಯಾಟರಿ. ಎಸಿ ನೀರು ಹುಟ್ಟುವಾಗ ಶುದ್ಧ, ಆದರೆ ಕಾಯಿಲ್ ಮೇಲಿನ ಧೂಳು, ತಾಮ್ರ ಅಲ್ಯೂಮಿನಿಯಂ ಅಂಶ, ಟ್ರೇಯಲ್ಲಿನ ಪಾಚಿ ಎಲ್ಲಾ ತೊಳೆದುಕೊಂಡು ಹೊರಗೆ ಬರುತ್ತೆ. ಬ್ಯಾಟರಿ ಒಳಗೆ ಲೋಹದ ಅಂಶ ಸೇರಿದರೆ ಅದರ ಆಯಸ್ಸು ಕಡಿಮೆ ಆಗುತ್ತೆ. ಡಿಸ್ಟಿಲ್ಡ್ ವಾಟರ್ ಕ್ಯಾನ್ ಎಷ್ಟು, ಬ್ಯಾಟರಿ ಎಷ್ಟು, ನೀನೇ ಲೆಕ್ಕ ಹಾಕು. ಎಸಿ ನೀರಲ್ಲಿ ನೆಲ ಒರೆಸು, ಟಾಯ್ಲೆಟ್ಟಿಗೆ ಹಾಕು, ಕಿಟಕಿ ಗಾಜು ಒರೆಸಿದರೆ ಬಿಳಿ ಕಲೆ ನಿಲ್ಲೋದಿಲ್ಲ, ಚೆನ್ನಾಗಿರುತ್ತೆ. ಕುಡಿಯೋಕೆ ಮಾತ್ರ ಬೇಡವೇ ಬೇಡ.

ಈಗ ಡಬ್ಬ. ಬುಡ ತಿರುಗಿಸಿ ನೋಡು, ತ್ರಿಕೋನದೊಳಗೆ ಒಂದು ನಂಬರ್ ಇರುತ್ತೆ. 1 ಅಂದರೆ ಪೆಟ್, ತಂಪು ಪಾನೀಯ, ನೀರಿನ ಬಾಟ್ಲಿ. ಬಿಸಿ ತಗುಲಿದರೆ ಸೊಟ್ಟ ಆಗುತ್ತೆ, ಬಿಸಿ ನೀರು ಬಿಸಿ ಎಣ್ಣೆ ಅದರಲ್ಲಿ ಹಾಕಬಾರದು, ಬಾಯಿ ಸಣ್ಣದು, ಒಳಗೆ ಉಜ್ಜೋಕಾಗಲ್ಲ, ಲೋಳೆ ಕಟ್ಟುತ್ತೆ. 5 ಅಂದರೆ ಪಿಪಿ, ನಿಮ್ಮ ಪಾರ್ಸೆಲ್ ಡಬ್ಬ ಹೆಚ್ಚಾಗಿ ಇದೇ, ಬಿಸಿ ತಡೆಯುತ್ತೆ. ಆದರೂ ಗೀರು ಬಿದ್ದು, ಅರಿಶಿನ ಹಿಡಿದು, ಅಂಚು ಸೀಳಿದ ಮೇಲೆ ಅದರಲ್ಲಿ ಸಾಂಬಾರು ಕುದಿಸೋದು ಸಾಕು. ಬೇಳೆ ಸಕ್ಕರೆ ಇಡು, ಮೊಳೆ ಸ್ಕ್ರೂ ಇಡು. 6 ಅಂತ ಕಂಡರೆ ಥರ್ಮಾಕೋಲ್ ಜಾತಿ, ಬಿಸಿ ಊಟಕ್ಕೆ ಬೇಡ. ಬಿಸಿ ಮಾಡೋಕೆ ಒಂದು ಗಾಜಿನ ಬಟ್ಟಲು ತಗೊಳ್ಳಪ್ಪ, ಮೂರು ಜನ ಹಂಚಿಕೊಂಡರೆ ಎಷ್ಟಾದೀತು.

ಹಿಂಜವಡಿ ಬ್ಯಾಚುಲರ್
ತಾತಾ 🙏 ಈಗ್ಲೇ ಎಲ್ಲಾ ಡಬ್ಬ ತಿರುಗಿಸಿ ನೋಡ್ದೆ, ಜಾಸ್ತಿ 5, ಎರಡರಲ್ಲಿ ನಂಬರ್ರೇ ಇಲ್ಲ.

ಮುಲುಂಡ್ ತಾತ
ನಂಬರ್ ಇಲ್ಲದ್ದು ಮೊಳೆಗೆ.

ಇನ್ನೊಂದು ಮಾತು, ನೀರಿನ ವಿಷಯ ಬಂತಲ್ಲ. ಆರ್‌ಒ ವಾಟರ್ ಫಿಲ್ಟರ್ ಇಟ್ಟುಕೊಂಡವರು ಪೈಪಲ್ಲಿ ಹೊರಗೆ ಹೋಗೋ ನೀರನ್ನ ಬಕೆಟ್ಟಿಗೆ ಹಿಡಿದು ಪಾತ್ರೆ ತೊಳೀತೀವಿ ಅಂತ ಹೆಮ್ಮೆ ಪಡ್ತಾರೆ, ಒಂದು ಲೀಟರ್ ಒಳ್ಳೇ ನೀರಿಗೆ ಸಾಧಾರಣ ಮೂರು ಲೀಟರ್ ಹೊರಗೆ ಹೋಗುತ್ತೆ. ಹಿಡಿದು ಬಳಸೋದು ಸರಿನೇ. ಆದರೆ ಮುಂಬೈ ಮಹಾನಗರಪಾಲಿಕೆ ಕೊಡೋದು ಭಾತ್ಸಾ, ತಾನ್ಸಾ, ವೈತರಣಾ ಈ ಕಡೆಯ ಏಳು ಕೆರೆಗಳ ನೀರು, ಅದರಲ್ಲಿ ಕರಗಿದ ಲವಣ ಮೊದಲೇ ಕಡಿಮೆ. ಆ ಲವಣದ ಅಳತೆಗೆ ಟಿಡಿಎಸ್ ಅಂತಾರೆ, ಅದು 500ರ ಒಳಗಿದ್ದರೆ ನಮ್ಮ ಐಎಸ್‌ಐ ಮಾನದಂಡದ ಪ್ರಕಾರ ಕುಡಿಯೋಕೆ ಯೋಗ್ಯ. ರೋಗಾಣು ಭಯಕ್ಕೆ ಯುವಿ ಬೆಳಕಿನ ಫಿಲ್ಟರ್ ಸಾಕು ಅಥವಾ ಕುದಿಸಿ. ಬಿಲ್ಡಿಂಗಿಗೆ ಬೋರ್‌ವೆಲ್ ಅಥವಾ ಟ್ಯಾಂಕರ್ ಇದ್ದರೆ ಆ ಮಾತು ಬೇರೆ, ಮೀಟರ್ ತಂದು ಅಳೆದು ನೋಡಿ. ಬೇಡದ ಮಷಿನ್ ತಂದು, ವರ್ಷಾ ವರ್ಷ ಫಿಲ್ಟರ್ ಬದಲಿಸಿ, ಅದು ಚೆಲ್ಲೋ ನೀರನ್ನ ಹಿಡಿದು ಉಳಿತಾಯ ಅನ್ನೋದು ನನ್ನ ತಲೆಗೆ ಹೋಗೋದಿಲ್ಲ.

ವಾಸ್ಕೋ ಗದಗ
ನಮಸ್ಕಾರ್ರಿ ಎಲ್ಲಾರಿಗೂ. ನಮ್ದು ಗದಗ, ವಾಸ್ಕೋದಾಗ ಅದೀವಿ. ಗೋವಾದಾಗ ಗಾಜಿನ ಬಾಟ್ಲಿಗೆ ಇರೋ ಮರ್ಯಾದಿ ಮನಷ್ಯಾಗೂ ಇಲ್ರಿ. ಯಾವ ಮನ್ಯಾಗ ನೋಡಿದ್ರೂ ಖಾಲಿ ಬಾಟ್ಲಿ ತೊಳದು ಬೋರಲ ಇಟ್ಟಿರ್ತಾರ, ಕೊಬ್ರಿ ಎಣ್ಣಿ, ಮಾಡ್ದಾಚಿ (ತೆಂಗಿನ ಕಳ್ಳಿನ) ವಿನೆಗರ್, ಫೆಣಿ ಎಲ್ಲಾ ಮಾಪ್ಸಾ ಶುಕ್ರವಾರ ಸಂತ್ಯಾಗ ಹಳೇ ಬಾಟ್ಲ್ಯಾಗ ತುಂಬೇ ಮಾರ್ತಾರ. ಮಳಿಗಾಲಕ್ಕಿಂತ ಮೊದ್ಲು ಪುರುಮೆಂತ್ ಅಂತ ಒಣಮೀನು, ಮೆಣಸಿನಕಾಯಿ, ಹುಣಸಿ, ಉಪ್ಪು ಎಲ್ಲಾ ಕೂಡಿ ಹಾಕ್ತಾರಲ್ಲ, ಮಡಗಾಂವ್‌ದಾಗ ಅದರ ಫೆಸ್ತೂ (ಜಾತ್ರಿ) ಐತಿ, ಆವಾಗ ಈ ಬಾಟ್ಲಿಗೋಳು ಹೊರಗ ಬರ್ತಾವು.

ನಾವೂ ಅದನ್ನ ಕಲ್ತೀವಿ. ಹಾರ್ಲಿಕ್ಸು, ಕಾಫಿ, ಜಾಮ್ ಬಾಟ್ಲಿ ಎಲ್ಲಾ ಮಸಾಲಿಗೆ. ಚೀಟಿ ಅಂಟು ಬಿಡವಲ್ದು ಅಂದ್ರ ಕೊಬ್ರಿ ಎಣ್ಣಿ ಮತ್ತ ಅಡಗಿ ಸೋಡಾ ಕಲಸಿ ಹಚ್ಚಿ ಅರ್ಧ ತಾಸು ಬಿಡ್ರಿ, ತಾನ ಬಿಡ್ತೈತಿ. ಉಪ್ಪಿನಕಾಯಿಗೆ ತಗಡಿನ ಮುಚ್ಚಳ ಬ್ಯಾಡ, ಉಪ್ಪು ಹುಳಿ ಸೇರಿ ಒಂದ ಮಳಿಗಾಲಕ್ಕ ತುಕ್ಕು ಹಿಡೀತೈತಿ, ಬಾಯಿಗೆ ಬಟ್ಟಿ ಕಟ್ಟಿ ಪ್ಲಾಸ್ಟಿಕ್ ಮುಚ್ಚಳ ಹಾಕ್ರಿ. ಸಮುದ್ರದ ಬಾಜು ಮನಿ ಅಂದ್ರ ಉಪ್ಪಿನ ಡಬ್ಬಿನೂ ನೀರು ಒಡೀತೈತಿ, ಅದಕ್ಕ ನಾಕು ಅಕ್ಕಿ ಕಾಳು. ಬೂಟು ಬ್ಯಾಗಿನ ಡಬ್ಬ್ಯಾಗ ಬರೋ ಸಿಲಿಕಾ ಜೆಲ್ ಪುಡಿಕಿ ಒಗೀಬ್ಯಾಡ್ರಿ, ಬ್ಯಾಂಕಿನ ಕಾಗದ, ಫೋಟೋ, ಕ್ಯಾಮೆರಾ ಇಡೋ ಪೆಟ್ಟಿಗ್ಯಾಗ ಹಾಕ್ರಿ, ತಿನ್ನೋ ಪದಾರ್ಥದಾಗ ಮತ್ತ ಹುಡುಗರ ಕೈಗೆ ಸಿಗೋ ಕಡೆ ಮಾತ್ರ ಇಡಬ್ಯಾಡ್ರಿ. ಉಳಿದ ಸಾಬೂನಿನ ಚೂರು ಹಳೇ ಸಾಕ್ಸಿನ್ಯಾಗ ಕಟ್ಟಿ ನಲ್ಲಿ ಹತ್ರ ತೂಗ ಹಾಕೀವಿ, ಹಳೇ ಬ್ರಷ್ ಬರ್ನರ್ ತಿಕ್ಕಾಕ, ಕುಕ್ಕರ್ ಸಡಲಾದ ಗ್ಯಾಸ್ಕೆಟ್ ಕಸದ ಬುಟ್ಟಿ ಕವರ್ ಜಾರದಂಗ ಮ್ಯಾಲೆ ಹಾಕಾಕ, ಇಂಥಾವೆಲ್ಲ ಎಲ್ಲಾರ ಮನ್ಯಾಗೂ ಐತಿ ಬಿಡ್ರಿ, ಹೇಳಾಕ ಏನೈತಿ.

ಮಡಗಾಂವ್ ಕಿಟಕಿ
ಎಲ್ಲರೂ ಡಬ್ಬ ಬಾಟ್ಲಿ ಅಂತಾ ಇದ್ದೀರಿ, ನಿಜವಾದ ದುಡ್ಡು ಇರೋದು ತರಕಾರಿ ಬುಟ್ಟಿಯಲ್ಲಿ. ಗೋವಾದಲ್ಲಿ ತರಕಾರಿ ಬಹಳಷ್ಟು ಬೆಳಗಾವಿಯಿಂದ ಘಟ್ಟ ಇಳಿದು ಬರೋದು, ಮಳೆಗಾಲದಲ್ಲಿ ರೇಟು ಕೇಳಿದ್ರೆ ತಲೆ ತಿರುಗ್ತದೆ. ನಾವು ಕುಮಟಾ ಕಡೆಯವರು, ಸಿಪ್ಪೆ ಅಂತ ಎಸೆಯೋದು ಕಡಿಮೆ. ಹೀರೆ ಸಿಪ್ಪೆ ಚಟ್ನಿ ಎಲ್ಲರಿಗೂ ಗೊತ್ತು. ಕಲ್ಲಂಗಡಿಯ ಬಿಳಿ ಭಾಗ ರುಬ್ಬಿ ಅಕ್ಕಿ ಜೊತೆ ದೋಸೆ, ಮೆತ್ತಗೆ ಏಳ್ತದೆ, ಒಂದು ಹಣ್ಣಿಗೆ ಎರಡು ಹೊತ್ತಿನ ತಿಂಡಿ. ದಾಳಿಂಬೆ ಸಿಪ್ಪೆ ಒಣಗಿಸಿ ಇಟ್ಟುಕೊಂಡು ಚೂರು ತುಪ್ಪದಲ್ಲಿ ಹುರಿದು ಕಾಯಿ ಜೀರಿಗೆ ಜೊತೆ ರುಬ್ಬಿ ಮಜ್ಜಿಗೆ ಹಾಕಿದ್ರೆ ತಂಬುಳಿ, ಹೊಟ್ಟೆ ಸರಿ ಇಲ್ಲದಾಗ ಇದಕ್ಕಿಂತ ಬೇರೆ ಬೇಡ. ಹಲಸಿನ ಬೀಜ ಮಣ್ಣು ಸವರಿ ಇಟ್ಟರೆ ಆಷಾಢದಲ್ಲಿ ತರಕಾರಿ ಇಲ್ಲದ ದಿನ ಸಾರು. ಕಿತ್ತಳೆ ಸಿಪ್ಪೆ ಗೊಜ್ಜು. ಮೇಣ ಹಚ್ಚಿ ಹೊಳೆಸಿದ ಹಣ್ಣಿನದ್ದು ಬೇಡ, ಸಂತೆಯದ್ದು ನೋಡಿ ಬಿಸಿ ನೀರಲ್ಲಿ ತೊಳೆದು ಮಾಡಿ.

ಉಳಿದ ಹುಳಿ ಹಣ್ಣಿನ ಸಿಪ್ಪೆಗೆ ಬಯೋಎಂಜೈಮ್. ಬೆಲ್ಲ 1, ಸಿಪ್ಪೆ 3, ನೀರು 10, ತೂಕದ ಲೆಕ್ಕ. ಮೂರು ತಿಂಗಳು ಮುಚ್ಚಿಟ್ಟು ಸೋಸಿದ್ರೆ ನೆಲ ಒರೆಸುವ ಲಿಕ್ವಿಡ್ ತರೋದು ನಿಂತಿತು. ಡೊಂಬಿವಲಿಯವರು ಕೇಳಿದ ಪ್ರಶ್ನೆಗೆ ನನ್ನ ಉತ್ತರ ಅದೇ, ಫಿನಾಯಿಲ್ ಮತ್ತು ಸಿಂಕ್ ಕ್ಲೀನರ್ ಬಂದ್.

ಡೊಂಬಿವಲಿ ಈಸ್ಟ್
ವಾವ್ ಇದು ಉಪಯೋಗದ್ದು. ನಿಂಬೆ ಸಿಪ್ಪೆ ನಮ್ಮನೇಲಿ ದಿನಾ ಇರುತ್ತೆ. ಗಾಜಿನ ದೊಡ್ಡ ಬಾಟ್ಲಿ ಇದೆ, ಅದ್ರಲ್ಲೇ ಶುರು ಮಾಡ್ಲಾ?

ಕೋಥರೂಡ್ ವೈನಿ
ಗಾಜಿಂದ ಬ್ಯಾಡವಾ!! ನಮ್ಮ ಕೆಳಗಿನ ಮನಿಯವರದು ರಾತ್ರಿ ಢಬ್ ಅಂತ ಒಡದು ಅಡಗಿಮನಿ ತುಂಬ ಗಾಜು, ಇಡೀ ವಿಂಗ್ ಎದ್ದು ಕೂತಿತ್ತು.

ಮುಲುಂಡ್ ತಾತ
ವೈನಿಯವರು ಹೇಳಿದ್ದು ಸರಿ. ಮೊದಲ ತಿಂಗಳು ಗ್ಯಾಸ್ ಹುಟ್ಟುತ್ತೆ, ದಿನಕ್ಕೊಮ್ಮೆ ಮುಚ್ಚಳ ಸಡಿಲಿಸಿ ಬಿಡಬೇಕು, ಪ್ಲಾಸ್ಟಿಕ್ ಕ್ಯಾನ್‌ನಲ್ಲೇ ಮಾಡಿ, ಮೇಲೆ ಒಂದಿಷ್ಟು ಜಾಗ ಖಾಲಿ ಬಿಡಿ. ತಂಪು ಪಾನೀಯದ ದೊಡ್ಡ ಬಾಟ್ಲಿಗೆ ಇದೇ ಸರಿಯಾದ ಕೆಲಸ.

ಆದರೆ ಇನ್ನೊಂದು ಸಂಗತಿ ಯಾರೂ ಹೇಳೋದಿಲ್ಲ. ಅದು ಹುಳಿ ದ್ರಾವಣ. ನಮ್ಮ ಮುಂಬೈ ಹಳೇ ಬಿಲ್ಡಿಂಗ್‌ಗಳಲ್ಲಿ ಅಡುಗೆ ಕಟ್ಟೆ ಕಡಪಾ ಕಲ್ಲು, ನೆಲ ಕೆಲವು ಕಡೆ ಮಾರ್ಬಲ್. ಎರಡೂ ಸುಣ್ಣದ ಜಾತಿ ಕಲ್ಲು, ನಿಂಬೆ, ವಿನೆಗರ್, ಬಯೋಎಂಜೈಮ್ ಯಾವುದು ಬಿದ್ದರೂ ಹೊಳಪು ತಿಂದುಬಿಡುತ್ತೆ, ಮತ್ತೆ ಪಾಲಿಶ್ ಮಾಡಿಸೋ ಖರ್ಚಲ್ಲಿ ಹತ್ತು ವರ್ಷದ ಫಿನಾಯಿಲ್ ಬರುತ್ತೆ. ಗ್ರಾನೈಟ್, ಟೈಲ್ಸ್ ಆದರೆ ತೊಂದರೆ ಇಲ್ಲ, ನೀರು ಬೆರೆಸಿ ಬಳಸಿ. ಮತ್ತೆ ಇದನ್ನಾಗಲಿ, ಟಾಯ್ಲೆಟ್ಟಿನ ಆಸಿಡ್ಡನ್ನಾಗಲಿ ಬ್ಲೀಚಿಂಗ್ ಜೊತೆ ಸೇರಿಸಬೇಡಿ, ಕ್ಲೋರಿನ್ ಗ್ಯಾಸ್ ಬರುತ್ತೆ, ಕಿಟಕಿ ಇಲ್ಲದ ಸಣ್ಣ ಬಾತ್‌ರೂಮಲ್ಲಿ ಪ್ರಾಣಕ್ಕೆ ಅಪಾಯ.

ಹಿಂಜವಡಿ ಬ್ಯಾಚುಲರ್
ತಾತ ಇದ್ರೆ ನಾವೆಲ್ಲ ಬದುಕ್ತೀವಿ. ಇನ್ನೊಂದು ಡೌಟು, ವಾರಕ್ಕೊಮ್ಮೆ ಪೂರಿ ಬಜ್ಜಿ ಮಾಡ್ತೀವಿ, ಆ ಎಣ್ಣೆ ಎಷ್ಟು ಸಲ ಕಾಯಿಸ್ಬೋದು? ನಮ್ ರೂಮ್‌ಮೇಟ್ ಕಪ್ಪಾಗೋವರೆಗೂ ಬಿಡಲ್ಲ.

ಘಾಟ್ಕೋಪರ್ ಮಾರಾಯ
ಇದು ನನ್ನ ಏರಿಯಾ. ನಮ್ಮದು ಸಣ್ಣ ಉಡುಪಿ ಕ್ಯಾಂಟೀನ್. ಹೋಟ್ಲಿನವರಿಗೆ ಆಹಾರ ಸುರಕ್ಷತೆ ನೋಡುವ ಎಫ್‌ಎಸ್‌ಎಸ್‌ಎಐಯ ರೂಲ್ 2018 ಜುಲೈ 1ರಿಂದ ಬಂತು, ಎಣ್ಣೆ ಎಷ್ಟು ಹಾಳಾಗಿದೆ ಅಂತ ತೋರಿಸುವ ಟಿಪಿಸಿ ಅಂತ ಒಂದು ಅಳತೆ, 25 ಪರ್ಸೆಂಟ್ ದಾಟಿದ್ರೆ ಆ ಎಣ್ಣೆ ಮತ್ತೆ ಬಳಸುವ ಹಾಗಿಲ್ಲ. ಹಾಳಾದ ಎಣ್ಣೆಯನ್ನು ಬಯೋಡೀಸೆಲ್ ಮಾಡುವವರು ಬಂದು ದುಡ್ಡು ಕೊಟ್ಟು ಕ್ಯಾನಲ್ಲಿ ತುಂಬಿಸಿಕೊಂಡು ಹೋಗ್ತಾರೆ.

ಮನೆಯಲ್ಲಿ ಮೀಟರ್ ಎಲ್ಲಿಂದ ತರುವುದು, ಅದಕ್ಕೆ ನನ್ನ ಹೆಂಡತಿ ಮಾಡುವುದು ಹೇಳ್ತೇನೆ. ಬಾಣಲೆಗೆ ಎಣ್ಣೆ ಕಡಿಮೆ ಹಾಕುವುದು, ಸಣ್ಣ ಬಾಣಲೆ, ನಾಲ್ಕು ನಾಲ್ಕೇ ಪೂರಿ. ಉಳಿದದ್ದು ತಣಿದ ಮೇಲೆ ಬಟ್ಟೆಯಲ್ಲಿ ಸೋಸಿ ಎರಡು ಮೂರು ದಿನದ ಒಳಗೆ ಒಗ್ಗರಣೆಗೆ, ಚಪಾತಿಗೆ ಮುಗಿಸುವುದು. ಮತ್ತೆ ಕರಿಯಲಿಕ್ಕೆ ಇಲ್ಲ, ಹೊಸ ಎಣ್ಣೆಗೆ ಬೆರೆಸುವುದೂ ಇಲ್ಲ. ನೊರೆ ಬಂದ್ರೆ, ಬೇಗ ಹೊಗೆ ಎದ್ರೆ, ಅಂಟಂಟು ಆದ್ರೆ ಮುಗೀತು ಅದರ ಕಥೆ. ಸಿಂಕಿಗೆ ಸುರಿಯಬೇಡಿ, ಪೈಪು ಕಟ್ಟಿಕೊಂಡು ಪ್ಲಂಬರ್ ಬಂದ್ರೆ ಐನೂರಕ್ಕೆ ಕಮ್ಮಿ ಇಲ್ಲ. ಹಳೇ ಪೇಪರಿಗೆ ಹೀರಿಸಿ ಕಸಕ್ಕೆ ಹಾಕಿ.

ಪೇಪರ್ ಅಂದಾಗ ನೆನಪಾಯ್ತು, ಬಜ್ಜಿಯನ್ನು ಪೇಪರ್ ಮೇಲೆ ಹಾಕಿ ಎಣ್ಣೆ ಬಸಿಯುವ ಅಭ್ಯಾಸ ಬಿಡಿ. ಶಾಯಿ ಬಿಸಿ ಎಣ್ಣೆಗೆ ಅಂಟುತ್ತದೆ, ಬೇಡ ಅಂತ 2016ರಲ್ಲೇ ಸೂಚನೆ ಬಂದಿದೆ. ಸ್ಟೀಲ್ ಜರಡಿ ಉಂಟಲ್ಲ ಮನೆಯಲ್ಲಿ, ಅದರ ಮೇಲೆ ಹಾಕಿ. ಪೇಪರು ಕಪಾಟಿಗೆ ಹಾಸ್ಲಿಕ್ಕೆ, ಮಳೆಯಲ್ಲಿ ನೆನೆದ ಬೂಟಿನ ಒಳಗೆ ತುರುಕ್ಲಿಕ್ಕೆ, ಉಳಿದದ್ದು ರದ್ದಿವಾಲನಿಗೆ. ರದ್ದಿಯವನ ತಕ್ಕಡಿ ಬಗ್ಗೆ ನಾನು ಮಾತಾಡುವುದಿಲ್ಲ, ಮನೆಯಲ್ಲೇ ತೂಕ ಮಾಡಿ ಇಟ್ಟುಕೊಳ್ಳಿ ಅಷ್ಟೆ.

ಕಾಂದಿವಲಿ ಲೆಕ್ಕಿಗ
ಎಲ್ಲಾ ಓದಿದೆ. ಸ್ವಲ್ಪ ಕಹಿ ಮಾತು ಹೇಳ್ತೀನಿ, ಸಿಟ್ಟು ಮಾಡ್ಕೋಬೇಡಿ. ಇದು ಉಳಿತಾಯ ಅಲ್ಲ, ಉಳಿತಾಯ ಮಾಡ್ತಿದೀವಿ ಅನ್ನೋ ಸಮಾಧಾನ. ಸಬರ್ಬ್‌ನಲ್ಲಿ ಚದರ ಅಡಿಗೆ ಸಾವಿರಾರು ರೂಪಾಯಿ ಕೊಟ್ಟು ಮನೆ ತಗೊಂಡು ಇಲ್ಲಾ ತಿಂಗಳ ಬಾಡಿಗೆ ಕಟ್ಟಿ, ಅದರಲ್ಲಿ ಒಂದು ಕಪಾಟಿನಷ್ಟು ಜಾಗ ಖಾಲಿ ಡಬ್ಬಕ್ಕೆ ಕೊಟ್ರೆ ಆ ಡಬ್ಬಗಳು ನಿಮ್ಮನೇಲಿ ಬಾಡಿಗೆ ಕೊಡದೆ ಇರೋ ಪೇಯಿಂಗ್ ಗೆಸ್ಟ್. ಹತ್ತು ರೂಪಾಯಿ ಡಬ್ಬ ಉಳಿಸೋ ಬದಲು ತಿಂಗಳಿಗೆ ಎರಡು ಹೊರಗಿನ ಊಟ ಬಿಡಿ, ಲೆಕ್ಕ ಅಲ್ಲಿದೆ. ಒಂದು ವರ್ಷದಲ್ಲಿ ಕೈ ಹಾಕದ ವಸ್ತು ಹೊರಗೆ, ಅಷ್ಟೇ.

ಹಿಂಜವಡಿ ಬ್ಯಾಚುಲರ್
ಸರ್ ಸ್ವಂತ ಮನೆಯವ್ರಿಗೆ ಅದು ಸರಿ, ಬಾಡಿಗೆಯವ್ರ ಕಥೆ ಬೇರೆ. ಹನ್ನೊಂದು ತಿಂಗಳ ಲೀವ್ ಅಂಡ್ ಲೈಸೆನ್ಸ್ ಬಾಡಿಗೆ ಕರಾರು, ಓನರ್ ರೇಟ್ ಏರಿಸ್ದ ಅಂದ್ರೆ ಗಂಟು ಮೂಟೆ ಕಟ್ಬೇಕು. ಟಿವಿ, ಮಿಕ್ಸಿ, ಮಾನಿಟರ್ ಬಂದ ಒರಿಜಿನಲ್ ಬಾಕ್ಸು ಥರ್ಮಾಕೋಲ್ ಸಮೇತ ನಾನು ಇಟ್ಕೊಂಡಿದೀನಿ, ಮಡಚಿ ಮಂಚದ ಕೆಳಗೆ. ಪ್ಯಾಕರ್ಸ್‌ನವ್ರು ಪ್ಯಾಕಿಂಗಿಗೆ ಬೇರೆ ಚಾರ್ಜ್ ಮಾಡ್ತಾರೆ, ಬಬಲ್ ಶೀಟ್ ಅವ್ರ ರೇಟಲ್ಲಿ ತಗೊಂಡ್ರೆ ಕಣ್ಣೀರು ಬರುತ್ತೆ. ಹಳೇ ಬೆಡ್‌ಶೀಟಲ್ಲಿ ಪಾತ್ರೆ ಸುತ್ತಿ ಬಕೆಟ್ಟಲ್ಲಿ ಇಟ್ಟು ಟೆಂಪೋದಲ್ಲಿ ಹಾಕ್ಕೊಂಡು ಹೋಗ್ತೀವಿ.

ಡೊಂಬಿವಲಿ ಈಸ್ಟ್
ಲೆಕ್ಕಿಗ ಸರ್ ಮಾತಿನಲ್ಲಿ ಅರ್ಥ ಇದೆ ಅನ್ಸುತ್ತೆ, ಆದ್ರೆ ಪೂರ್ತಿ ಒಪ್ಪೋಕೆ ಆಗ್ತಿಲ್ಲ. ಹೊರಗಿನ ಊಟ ನಾವು ಮೊದ್ಲೇ ಮಾಡಲ್ಲ, ಬಿಡೋಕೆ ಏನಿದೆ. ಮತ್ತೆ ಒಂದು ವರ್ಷದ ರೂಲ್ ಹಾಕಿದ್ರೆ ಗಣಪತಿ ಸಾಮಾನು, ಬಾಣಂತಿ ಬಟ್ಟೆ ಎಲ್ಲಾ ಹೊರಗೇನಾ?

ಕೋಥರೂಡ್ ವೈನಿ
ಗಣಪತಿ ವಿಷಯ ಛಲೋ ತಗದ್ರಿ. ಗಣಪತಿ ಕೂಡಸೋ ಥರ್ಮಾಕೋಲ್ ಮಖರ್ (ಮಂಟಪ) 2018ಕ್ಕ ಬಂದ್ ಆತು, ಅಂದಿನಿಂದ ಪ್ರತಿ ವರ್ಷ ಹೊಸಾ ಡೆಕೋರೇಶನ್ ಅಂತ ಇಲ್ಲಿ ತುಳಶೀಬಾಗ ಬಜಾರಕ್ಕ ಹೋಗಿ ರೊಕ್ಕಾ ಸುರದು ಬರೋರ ಹೆಚ್ಚು. ನಮ್ಮನಿಯಾಗ ಕಟಗಿ ಚೌಕಟ್ಟು ಮಡಚೋದು ಒಂದ ಐತೆ, ವರ್ಷಾ ಒಂದೊಂದು ಹಳೇ ಇಳಕಲ್ ಸೀರಿ ಇಳಿಬಿಡೋದು, ಒಂದು ವರ್ಷ ಹಸರು, ಒಂದು ವರ್ಷ ಕೆಂಪು, ಬಂದವರು ಹೊಸಾದು ಅಂತನ ತಿಳಕೋತಾರ. ಕೆಲವು ಮನ್ಯಾಗ ಹಿತ್ತಾಳಿ ಗಣಪತಿ ಕಾಯಂ ಇಟ್ಟು ಅಡಕಿ ವಿಸರ್ಜನಿ ಮಾಡ್ತಾರ, ಅವರವರ ಪದ್ಧತಿ.

ಇನ್ನೊಂದು ಮಾತು. ಎಲ್ಲಾನೂ ನಾವ ಉಳಿಸಬೇಕು ಅಂತ ಇಲ್ಲ. ಪುಣೆದಾಗ ಮನಿ ಬಾಗಿಲಿಗೆ ಬಂದು ಕಸ ಒಯ್ಯೋ ಸ್ವಚ್ಛ್ ಸಂಸ್ಥೆಯ ತಾಯಿಗಳು ಇದ್ದಾರಲ್ಲ, ಅದು ಅವರದ ಸಹಕಾರಿ ಸಂಘ, ಒಣಕಸ ಮಾರಿ ಬಂದ ರೊಕ್ಕಾ ಅವರ ಗಳಿಕಿ. ಹಾಲಿನ ಚೀಲ, ರಟ್ಟು, ಬಾಟ್ಲಿ ತೊಳದು ಬ್ಯಾರೆ ಚೀಲದಾಗ ಕೊಟ್ರ ಅವರ ಕೈಗೆ ನಾಕು ರೂಪಾಯಿ ಹೆಚ್ಚಿಗೆ ಬರ್ತದ. ನಮ್ಮ ಪೋಟ್‌ಮಾಳಾದಾಗ ಕೊಳೆಯೋದಕ್ಕಿಂತ ಅದು ಛಲೋ ಅಲ್ಲೇನ್ರಿ.

ಕಾಂದಿವಲಿ ಲೆಕ್ಕಿಗ
ಇದನ್ನ ಒಪ್ತೀನಿ. ಕೌದಿನೂ ಒಪ್ತೀನಿ. ಬಯೋಎಂಜೈಮ್ ಇನ್ನೂ ಒಪ್ಪಿಲ್ಲ, ಮೂರು ತಿಂಗಳು ಸಿಪ್ಪೆ ಕಾಯೋಕೆ ನಮ್ಮನೇಲಿ ಯಾರಿಗೂ ತಾಳ್ಮೆ ಇಲ್ಲ.

ಡೊಂಬಿವಲಿ ಈಸ್ಟ್
ಸರಿ ಹಾಗಾದ್ರೆ, ನಾನು ಹೀಗೆ ಮಾಡ್ತೀನಿ. ಅಗಲ ಬಾಯಿಯ ಗಾಜಿನ ಬಾಟ್ಲಿ ಒಂದೇ ಸೈಜಿನವು ಒಂದು ಸಾಲು ಮಸಾಲೆಗೆ, ಮಿಕ್ಕಿದ್ದು ಭಂಗಾರಿಗೆ. ಹಾಲಿನ ಕವರ್ ಇಪ್ಪತ್ತು. ಕಾಟನ್ ಸೀರೆ ಊರಿಗೆ ಕೌದಿಗೆ ಕಳಿಸ್ತೀನಿ, ಸಿಂಥೆಟಿಕ್ ಭಾಂಡೇವಾಲಿಗೆ, ಈ ಸಲ ಪಾತ್ರೆ ಮೊದ್ಲು ಆರಿಸ್ತೀನಿ. ನಮ್ಮ ಕಟ್ಟೆ ಕಡಪಾನೇ, ಹಾಗಾಗಿ ಸಿಪ್ಪೆ ದ್ರಾವಣ ಬಾತ್‌ರೂಮ್ ಟೈಲ್ಸಿಗೆ ಮಾತ್ರ. ಅತ್ತೆಗೆ ಇದನ್ನೆಲ್ಲ ಓದಿ ಹೇಳ್ದೆ, ಕಲ್ಲಂಗಡಿ ದೋಸೆ ನಮ್ಮಮ್ಮ ಮಾಡೋರು ಅಂತ ಖುಷಿಪಟ್ರು, ಡಬ್ಬದ ವಿಷಯಕ್ಕೆ ಮಾತ್ರ ಕಿವಿ ಕೇಳಿಸಲ್ಲ ಅಂದ್ರು.

ಕೊನೇದಾಗಿ ಒಂದು ಕೇಳ್ತೀನಿ, ಮುರಿದ ಛತ್ರಿ ಐದಾರಿವೆ, ಕಡ್ಡಿ ಹೋಗಿದೆ ಬಟ್ಟೆ ಚೆನ್ನಾಗಿದೆ. ಏನ್ ಮಾಡ್ಬೋದು?

ವಾಸ್ಕೋ ಗದಗ
ಬಟ್ಟಿ ಬಿಚ್ಚಿ ಹೊಲಿಸಿದ್ರ ಬಜಾರದ ಚೀಲ ಆಗ್ತೈತ್ರಿ. ನೀರು ಹತ್ತೂದಿಲ್ಲ, ಮಡಚಿದ್ರ ಕಿಸೆದಾಗ ಹಿಡೀತೈತಿ, ಮೀನು ತರಾಕ ಒಂದು, ಕಾಯಿಪಲ್ಲೆಕ್ಕ ಒಂದು ಬ್ಯಾರೆ ಬ್ಯಾರೆ ಇಟ್ಕೋರಿ.

ಘಾಟ್ಕೋಪರ್ ಮಾರಾಯ
ಚೀಲ ಆಮೇಲೆ, ಮೊದಲು ರಿಪೇರಿಯವನಿಗೆ ತೋರಿಸಿ ಅಕ್ಕಾ. ಮೇ ಕೊನೆಗೆ ಸ್ಟೇಷನ್ ಹೊರಗೆ ಕೂತುಕೊಳ್ತಾರೆ ಛತ್ರಿ ರಿಪೇರಿಯವರು, ಐದೂ ಛತ್ರಿ ಒಟ್ಟಿಗೆ ಕೊಂಡುಹೋಗಿ, ಒಂದರ ಕಡ್ಡಿ ಇನ್ನೊಂದಕ್ಕೆ ಹಾಕಿ ಮೂರಾದ್ರೂ ನಿಲ್ಲಿಸಿ ಕೊಡ್ತಾರೆ. ಜೂನ್ ಬಂದ ಮೇಲೆ ಹೋದ್ರೆ ರೇಟು ಡಬಲ್, ಲೈನೂ ಉದ್ದ.

ಡೊಂಬಿವಲಿ ಈಸ್ಟ್
ವೆಸ್ಟ್ ಸೈಡಲ್ಲಿ ಒಬ್ಬರು ಕೂತಿರ್ತಾರೆ, ನೋಡಿದೀನಿ. ನಾಳೆ ಮಾರ್ಕೆಟ್ಟಿಗೆ ಹೋಗುವಾಗ ಕೇಳ್ತೀನಿ.